ಹಿಂದಿನ ಸಾಲಿನ ಮೊಗ್ಗು

ಹೋದ ಭಾನುವಾರ ಗೊರಾಯಿಯಲ್ಲಿ ಫೆರಿ ನಿಲ್ಲುವ ಜೆಟ್ಟಿಯ ಕಟ್ಟೆಯ ಮೇಲೆ ಕೂತು ನಾನು ಒಂದೇ ವಿಷಯ ಯೋಚಿಸುತ್ತಿದ್ದೆ. ಎದುರಿಗೆ ನಿಂತಿರುವ ಹೆಂಗಸಿನ ಕಾಲು ಮುಟ್ಟಿ ನಮಸ್ಕಾರ ಮಾಡಲೋ, ಬೇಡವೋ?

ಆಕೆ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ನನ್ನ ಜೊತೆ ಪಾಲಿಗೆ ತೋಟ ಮಾಡುವವಳು. ಮೇಲಾಗಿ ಅವಳ ಕಾಲು ಮೊಣಕಾಲಿನವರೆಗೆ ಕೆಸರಾಗಿತ್ತು.

(ಕೆಸರಿಗೆ ಹಿಂಜರಿದೆ ಅಂದುಕೊಳ್ಳಬೇಡಿ. ದಾದರಿನ ಹೂವಿನ ಮಾರ್ಕೆಟ್ಟಿನಲ್ಲಿ ಮೂವತ್ತು ಮಳೆಗಾಲ ನಿಂತವಳು ನಾನು. ಅಲ್ಲಿನ ಕೆಸರಿನ ಮುಂದೆ ತೋಟದ ಕೆಸರು ಗಂಧ.)

ಯಾಕೆ ಇಷ್ಟು ದೊಡ್ಡ ಮಾತು ಅಂತೀರಾ? ಕೇಳಿ.

ಈ ಅಂಕಣ ಓದುವವರಿಗೆ ನನ್ನ ಕಥೆ ಗೊತ್ತಿದೆ. ಇಂಡಿ ತಾಲೂಕಿನಿಂದ ಬಂದವಳು. ಹಗಲು ಸ್ಟೇಷನ್ ಸೇತುವೆಯ ಕೆಳಗೆ ಜಡೆಗೆ ಮುಡಿಯುವ ಗಜರಾ ಮಾರಿದೆ, ಸಂಜೆ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದೆ. ಈಗ ಮಾರ್ಕೆಟ್ಟಿನಲ್ಲಿ ಸ್ವಂತ ಅಂಗಡಿ, ಬೊರಿವಲಿಯಲ್ಲಿ ಎರಡು ಕೋಣೆಯ ಮನೆ. ಇದನ್ನೆಲ್ಲ ನನಗೆ ಕೊಟ್ಟದ್ದು ಎರಡು ವಿದ್ಯೆ. ಒಂದು, ಚೌಕಾಶಿ. ಇನ್ನೊಂದು, ಬುಟ್ಟಿಯ ತಳಕ್ಕೆ ಕೈ ಹಾಕುವುದು.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೂವಿನ ಬುಟ್ಟಿ ತುಂಬುವವರು ಯಾರೇ ಇರಲಿ, ಮೇಲಿನ ಪದರದಲ್ಲಿ ಚೆಂದದ್ದನ್ನು ಇಡುತ್ತಾರೆ. ಬಿಗಿ ಮೊಗ್ಗು, ಹಾಲಿನಂಥ ಬಿಳುಪು, ಮೇಲೊಂದು ಹನಿ ನೀರು. ಕೆಳಗೆ ನಿನ್ನೆಯದು, ಅರಳಿದ್ದು, ಕಂದಿದ್ದು. ಇದನ್ನು ಮೋಸ ಅಂತ ಯಾರೂ ಅನ್ನುವುದಿಲ್ಲ. ಇದು ದಸ್ತೂರು. ಮಾರುವಾಗ ನಾನೂ ಹಾಗೇ ತುಂಬುತ್ತೇನೆ. ಕೊಳ್ಳುವಾಗ ಮಾತ್ರ ಮೊಣಕೈವರೆಗೆ ಕೈ ಇಳಿಸಿ ತಳದ ಒಂದು ಹಿಡಿ ಎತ್ತಿ ನೋಡುತ್ತೇನೆ. ರೇಟು ಮಾತಾಡುವುದು ಆಮೇಲೆ.

ಇಷ್ಟು ಜಾಣೆ, ತಳಕ್ಕೆ ಕೈ ಹಾಕದೆ ಏನನ್ನಾದರೂ ನಂಬುತ್ತಾಳೆಯೇ?

ನಂಬಿದಳು. ಅದೂ ಮೊಬೈಲನ್ನು.

ಮೂರು ವರ್ಷದ ಹಿಂದೆ ಗೊರಾಯಿಯಲ್ಲಿ ಸ್ವಲ್ಪ ಜಮೀನು ಗುತ್ತಿಗೆಗೆ ಹಿಡಿದೆ. ಬೊರಿವಲಿ ಕಡೆಯಿಂದ ಫೆರಿ ಹತ್ತಿದರೆ, ಸಮುದ್ರದ ನೀರು ಒಳಬರುವ ಖಾಡಿಯ ಆಚೆ ದಡ. ಈ ಕಡೆ ಇಪ್ಪತ್ತೆರಡು ಮಾಳಿಗೆಯ ಟವರು, ಆ ಕಡೆ ಬಾವಿ, ತೆಂಗು, ತರಕಾರಿ ಮಡಿ. ಅಲ್ಲಿ ದುಂಡುಮಲ್ಲಿಗೆ ಹಾಕಿದೆ, ಇಲ್ಲಿಯವರು ಮೊಗ್ರಾ ಅನ್ನುವ ಹೂ. ಹಾಕಿದೆ ಅಂದರೆ ನಾನಲ್ಲ, ಮಲ್ಲವ್ವ.

ಮಲ್ಲವ್ವ ನಮ್ಮ ಕಡೆಯವಳೇ. ಗಂಡ ಮೀನಿನ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಅವಳು ತೋಟದಲ್ಲೇ ಒಂದು ಶೆಡ್ಡಿನಲ್ಲಿ ಇರುತ್ತಾಳೆ. ಒಂದೊಂದು ಕಡ್ಡಿಯನ್ನೂ ಅವಳೇ ಊರಿ, ಬೇರು ಬರಿಸಿ, ಬಕೆಟ್ಟಿನಲ್ಲಿ ನೀರು ಹೊತ್ತು ಹಾಕಿ ಎಬ್ಬಿಸಿದ ಗಿಡಗಳು ಅವು. ಒಪ್ಪಂದ ಸರಳ. ಗುತ್ತಿಗೆ, ಪೈಪು, ಗೊಬ್ಬರ ನನ್ನದು. ದುಡಿಮೆ ಅವಳದು. ಹೂವೆಲ್ಲ ನನ್ನ ಅಂಗಡಿಗೆ, ಬಂದದ್ದರಲ್ಲಿ ಅರ್ಧರ್ಧ.

ಆದರೆ ದಾದರಿನ ಅಂಗಡಿ ಬಿಟ್ಟು ದಿನಾ ಗೊರಾಯಿಗೆ ಹೋಗುವುದು ಹೇಗೆ? ಲೋಕಲ್ ರೈಲಿನಲ್ಲಿ ಹೋಗಿ ಬರುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ. ಆಗ ನಮ್ಮ ಬಿಲ್ಡಿಂಗಿನ ಸ್ನೇಹಾ ಸಿಕ್ಕಳು. ಧಾರವಾಡದವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ. ಹೊಲಕ್ಕೆ ಹಾಕುವ ಸೆನ್ಸರು ಮಾಡುವ ಕಂಪನಿಯಲ್ಲಿ ಕೆಲಸ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅದು ಅಂಧೇರಿಯಲ್ಲಿ ಇಳಿದು ಹಿಂದಿ ಗಾಡಿ ಹತ್ತುತ್ತದೆ.

"ಆಂಟಿ, ಈ ಕಡ್ಡಿ ಮಣ್ಣಲ್ಲಿ ಹಾಕಿದರೆ ಬಸ್. ತೇವ ಎಷ್ಟು, ಗರ್ಮಿ ಎಷ್ಟು, ಉಪ್ಪು ಎಷ್ಟು, ಸಬ್ ಮೊಬೈಲ್ ಮೇಲೆ ಬರ್ತದೆ. ಮೋಟಾರ್ ಭೀ ಮೊಬೈಲಿಂದ ಚಾಲೂ ಮಾಡಬಹುದು."

"ಒಂದು ಕಡ್ಡಿ ಎಷ್ಟಕ್ಕೆ ಕೊಡ್ತಿ?"

"ಒಂದರಲ್ಲಿ ಆಗಲ್ಲ ಆಂಟಿ. ಮೂರು ಬೇಕು. ಮುಂದೆ ಏಕ್, ನಡುವೆ ಏಕ್, ಹಿಂದೆ ಏಕ್."

ಮೂರು ಬೇಕು ಅಂತ ಮಾರುವವರು ಹೇಳಿದರೆ ಒಂದು ಸಾಕು ಅಂತ ಅರ್ಥ. ಮೂವತ್ತು ವರ್ಷದ ಅನುಭವ. ಎರಡು ಭಾನುವಾರ, ನಾಲ್ಕು ಕಪ್ ಚಹಾ, ಒಂದು ಡಬ್ಬಿ ಶೇಂಗಾ ಉಂಡಿ. ಮೂರನ್ನು ಒಂದಕ್ಕೆ ಇಳಿಸಿದೆ, ಆ ಒಂದರ ರೇಟನ್ನೂ ಇಳಿಸಿದೆ. ಹುಡುಗಿ ಸೋತು ನಕ್ಕಳು. ಬೀಗುತ್ತ ಮನೆಗೆ ಬಂದೆ.

ಕಡ್ಡಿ ನೆಡುವ ದಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಗೇಟಿನ ಪಕ್ಕದ ಮೊದಲ ಸಾಲಿಗೆ ಹೋದೆ. ಅಲ್ಲಿನ ಗಿಡಗಳೆಂದರೆ ಕಣ್ಣು ತಂಪು. ಎಲೆಗಳೆಲ್ಲ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿದ್ದವು. ಹೊಸ ವಸ್ತುವನ್ನು ನಾಲ್ಕು ಜನ ನೋಡುವ ಜಾಗದಲ್ಲಲ್ಲದೆ ಇನ್ನೆಲ್ಲಿ ಇಡುತ್ತಾರೆ? ಮದುವೆ ಡೆಕೊರೇಶನ್ನಿನವರು ತೋಟ ನೋಡಲು ಬಂದರೆ ಮೊದಲು ಕಾಣಬೇಕಾದ್ದು ಅದೇ.

ಮಲ್ಲವ್ವ ಸೆರಗಿನಲ್ಲಿ ಕೈ ಒರೆಸುತ್ತ ಹತ್ತಿರ ಬಂದಳು. "ಅಕ್ಕಾರ, ಅದನ್ನ ಹಿಂದ ಖಾಡಿ ಕಡೆ ಹಾಕೋಣೇನ್ರಿ? ಅಲ್ಲಿನ ಗಿಡಾ ಯಾಕೋ ಸ್ವಲ್ಪ ಸಪ್ಪಗ ಅದಾವು."

ನಾನು ಏನೆಂದೆ ಗೊತ್ತೇ? "ಹುಚ್ಚಿ, ಹಿಂದಿನ ಸಾಲು ಯಾರು ನೋಡ್ತಾರ?"

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಈ ಜನ್ಮದಲ್ಲಿ ಮರೆಯುವುದಿಲ್ಲ.

ಆಮೇಲಿನ ಕೆಲವು ತಿಂಗಳು ನನ್ನ ದೌಲತ್ತು ಹೇಳತೀರದು. ಮುಂಜಾನೆ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಸೀಟು ಹಿಡಿದು ಮೊಬೈಲು ತೆಗೆಯುವುದು. ಹಸಿರು ಚುಕ್ಕಿ. ಎಲ್ಲ ಕ್ಷೇಮ. ಪಕ್ಕದಲ್ಲಿ ಬಟಾಣಿ ಸುಲಿಯುತ್ತ ಕೂತವರಿಗೆ ತೋರಿಸುವುದು. "ನೋಡಿ, ನನ್ನ ತೋಟದ ಮಣ್ಣು ಈಗ ಇಷ್ಟು ತಂಪಿದೆ." ಅವರು ಬಾಯಿ ಬಿಟ್ಟುಕೊಂಡು ನೋಡುವುದು. ಚುಕ್ಕಿ ಹಳದಿಯಾಯಿತೋ, ಬಾಂದ್ರಾ ದಾಟುವಾಗ ಒಂದು ಬಟನ್ ಒತ್ತುವುದು. ಗೊರಾಯಿಯಲ್ಲಿ ಮೋಟಾರು ಗುಂಯ್!

ಮೊದಲ ಸಲ ಹಾಗೆ ಮಾಡಿದಾಗ ಮಲ್ಲವ್ವನ ಫೋನು ಬಂತು. "ಅಕ್ಕಾರ, ಯಾರೂ ಮುಟ್ಟಿಲ್ಲ, ಮೋಟಾರ ತಾನ ಚಾಲೂ ಆತ್ರಿ! ನಾ ಪೈಪಿನ ಮ್ಯಾಲ ಕುಂತು ರೊಟ್ಟಿ ತಿನ್ನಾಕತ್ತಿದ್ದೆ. ರೊಟ್ಟಿ ಒಂದ್ ಕಡೆ, ನಾ ಒಂದ್ ಕಡೆ!"

"ನಾನವ್ವಾ ಚಾಲೂ ಮಾಡಿದ್ದು, ರೇಲ್ವೆಯೊಳಗ ಕುಂತು."

"ಹಂಗಾರ ರೊಟ್ಟಿನೂ ಅಲ್ಲಿಂದನ ಕಳಸ್ರಿ" ಅಂದಳು.

ಇಲ್ಲಿ ಒಂದು ವಿವರ ಬೇಕು. ತೋಟಕ್ಕೆ ಎರಡು ಬಾವಿ. ಗೇಟಿನ ಹತ್ತಿರದ್ದು ಮುಂದಿನ ಸಾಲುಗಳಿಗೆ. ಖಾಡಿ ಕಡೆಯದು ಹಿಂದಿನ ಸಾಲುಗಳಿಗೆ. ನಾನು ಬಟನ್ ಒತ್ತಿದರೆ ಎರಡೂ ಮೋಟಾರು ಒಟ್ಟಿಗೇ ಓಡುತ್ತಿದ್ದವು. ಮುಂದಿನ ಮಣ್ಣಿಗೆ ಬಾಯಾರಿದರೆ ಹಿಂದಿನದಕ್ಕೂ ನೀರು. ಮುಂಚೆ ಮಲ್ಲವ್ವ ಹೊತ್ತಿಗಿಷ್ಟು ಅಂತ ಬಿಡುತ್ತಿದ್ದ ನೀರನ್ನು ಈಗ ನಾನು ಒಂದೇ ಪಟ್ಟಿಗೆ ಮೂರು ತಾಸು ಬಿಡುತ್ತಿದ್ದೆ. ಯಾಕೆ? ದಾದರ್ ಬಂದ ಮೇಲೆ ಗಿರಾಕಿಗಳ ಗದ್ದಲ. ಮೋಟಾರು ಬಂದ್ ಮಾಡುವ ನೆನಪಾಗುತ್ತಿದ್ದದ್ದೇ ಅದು ತಗ್ಗಿದ ಮೇಲೆ.

ಬೇಸಿಗೆ ಶುರುವಾಯಿತು. ಹೂ ಹೆಚ್ಚಬೇಕಾದ ಹೊತ್ತಿಗೆ ಬುಟ್ಟಿ ಹಗುರಾಗತೊಡಗಿತು.

"ಏನವ್ವಾ ಮಲ್ಲವ್ವಾ, ಹಿಂದಿನ ಸಾಲಿನ ಮೊಗ್ಗು ಎಲ್ಲಿ ಹೋಗಾಕತ್ತಾವು?"

"ಹೋಗಾಕ ಮೊದಲ ಬರಬೇಕಲ್ರಿ ಅಕ್ಕಾರ. ಎಲಿ ತುದಿ ಸುಟ್ಟಂಗ ಆಗ್ಯಾವು. ಮೊಗ್ಗಿ ಸಣ್ಣದಿದ್ದಾಗನ ಉದುರಾಕತ್ತಾವು. ನೀರಿಂದ ಏನರ ತ್ರಾಸ ಅದ ನೋಡ್ರಿ."

ಮೊಬೈಲು ತೆಗೆದು ನೋಡಿದೆ. ಹಸಿರು ಚುಕ್ಕಿ. ತೇವ ಸರಿ, ಉಪ್ಪು ಸರಿ, ಎಲ್ಲ ಸರಿ. ಮಾರನೆಯ ವಾರ ನೋಡಿದೆ. ಹಸಿರೇ. ಬುಟ್ಟಿ ಇನ್ನೂ ಹಗುರ.

ವ್ಯಾಪಾರಿಯ ತಲೆ ಎತ್ತ ಓಡುತ್ತದೆ ಹೇಳಿ? ಗೊರಾಯಿಗೆ ಬೇರೆ ಹೂವಿನವರೂ ಬರುತ್ತಾರೆ. ಸೀಸನ್ನಿನಲ್ಲಿ ತೋಟದ ಬಾಗಿಲಿಗೇ ಬಂದು ಕೈಗೆ ಕೈ ದುಡ್ಡು ಕೊಡುತ್ತಾರೆ. ಮಣ್ಣು ಚೆನ್ನಾಗಿದೆ, ನೀರು ಚೆನ್ನಾಗಿದೆ, ಹೂ ಮಾತ್ರ ಇಲ್ಲ ಅಂದರೆ ಏನರ್ಥ?

ಅಂಗಡಿಯಿಂದಲೇ ಫೋನು ಮಾಡಿದೆ. ಸುತ್ತ ಹತ್ತು ಜನ ಇದ್ದರು, ದನಿ ತಗ್ಗಿಸಲಿಲ್ಲ. "ಮಷೀನು ಸುಳ್ಳು ಹೇಳೂದಿಲ್ಲ ಮಲ್ಲವ್ವಾ. ಮನಿಷಾರು ಹೇಳ್ತಾರ. ಹೂ ಯಾರಿಗೆ ಕೊಡಾಕತ್ತಿ?"

ಅವಳು ನಿಧಾನಕ್ಕೆ ಅಂದಳು, "ನೀವ ಬಂದ್ ನೋಡ್ರಿ ಅಕ್ಕಾರ."

"ಭಾನುವಾರ ಬರ್ತೀನಿ. ತ್ವಾಟಾ ಮಾಡಾಕ ಬ್ಯಾರೆಯವರನ್ನೂ ನೋಡೀನಿ. ಅವರು ಹೂಂ ಅಂದ್ರ ನೀ ಶೆಡ್ಡು ಖಾಲಿ ಮಾಡಬೇಕಾಗ್ತೈತಿ."

ನಿಜಕ್ಕೂ ಒಬ್ಬರ ಜೊತೆ ಮಾತಾಡಿದ್ದೆ. ಒಂದು ಹಸಿರು ಚುಕ್ಕಿಯನ್ನು ನಂಬಿ, ಗಿಡದ ಕಡ್ಡಿ ಊರಿ ತೋಟ ಎಬ್ಬಿಸಿದವಳನ್ನು ತೋಟದಿಂದ, ಮನೆಯಿಂದ ಎಬ್ಬಿಸಲು ಹೊರಟಿದ್ದೆ. ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಇನ್ನೂ ನಾಚಿಕೆ.

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಸೇವಂತಿಗೆ ಬಿಡಿಸುತ್ತಿದ್ದಾಗ ಮೊಬೈಲು ಕಿರುಚಿತು. ಅಲ್ಲಿಯವರೆಗೆ ಅದು ಕಿರುಚಬಲ್ಲದು ಅಂತಲೇ ನನಗೆ ಗೊತ್ತಿರಲಿಲ್ಲ. ನೋಡಿದರೆ ಕೆಂಪು. ಹಳದಿಯಲ್ಲ, ಕೆಂಪು! ಬೆಳಿಗ್ಗೆ ಹಸಿರಿದ್ದದ್ದು.

ಮಲ್ಲವ್ವ ಸಿಟ್ಟಿಗೆ ಕಡ್ಡಿ ಮುರಿದು ಹಾಕಿದಳು ಅಂದುಕೊಂಡೆ. ಚೌಕಾಶಿ ಮಾಡಿ ತಂದ ಕಡ್ಡಿ!

ಮರುದಿನ, ಭಾನುವಾರ, ಮೊದಲ ಫೆರಿಗೇ ಹೊರಟೆ. ಸಾಕ್ಷಿಗೆ ಇರಲಿ ಅಂತ ಸ್ನೇಹಾಳನ್ನೂ ಎಬ್ಬಿಸಿಕೊಂಡು ಹೋದೆ. ಗೇಟು ತೆಗೆದು ಮೊದಲ ಸಾಲಿಗೆ ಹೋದರೆ ಕಡ್ಡಿ ಇಲ್ಲ. ನೆಟ್ಟಿದ್ದ ಜಾಗದಲ್ಲಿ ಒಂದು ತೂತು, ಸುತ್ತ ಒಂದಿಷ್ಟು ಕುಂಕುಮ.

"ಎಲ್ಲಿ ಹಾಕಿದಿ ನನ್ನ ಕಡ್ಡಿ?"

ಮಲ್ಲವ್ವ ಹಿಂದಿನ ಸಾಲಿನ ತುದಿಯಲ್ಲಿ ನಿಂತಿದ್ದಳು. ಕಾಲ ಹತ್ತಿರ ಕಡ್ಡಿ ನೆಟ್ಟಗೆ ನಿಂತಿತ್ತು, ಲೈಟು ಮಿಣುಕುತ್ತಿತ್ತು. "ಕೆಡಿಸಿಲ್ರಿ. ಅದರ ಜಾಗಾ ಬದಲ್ ಮಾಡೀನಿ ಅಷ್ಟ. ನನ್ನ ಮಾತಂತೂ ನೀವು ಕೇಳಲಿಲ್ಲ. ಅದರ ಮಾತರ ಕೇಳ್ತೀರಿ ಅಂತ ಅದನ್ನ ಇಲ್ಲಿ ಕರ್ಕೊಂಡ್ ಬಂದೆ."

ಸ್ನೇಹಾ ಬಗ್ಗಿ ಕಡ್ಡಿ ನೋಡಿದಳು, ಮಣ್ಣು ನೋಡಿದಳು, ನನ್ನ ಮುಖ ನೋಡಿದಳು. "ಆಂಟಿ, ಉಪ್ಪು ಇದೆ. ಬಹುತ್ ಉಪ್ಪು ಇದೆ."

ನಾನು ಸೋಲುವವಳೇ? "ಕಡ್ಡಿ ಕೆಟ್ಟಿರಬೇಕು" ಅಂದೆ.

ಹುಡುಗಿ ವಾದ ಮಾಡಲಿಲ್ಲ. ಬ್ಯಾಗಿನಿಂದ ಪೆನ್ನಿನಂಥ ಒಂದು ಮೀಟರು ತೆಗೆದು ಖಾಡಿ ಕಡೆಯ ಬಾವಿಗೆ ಹೋದಳು. ಮೋಟಾರು ಚಾಲೂ ಮಾಡಿಸಿ ಪೈಪಿನ ಬಾಯಿಯಲ್ಲಿ ಒಂದು ಲೋಟ ನೀರು ಹಿಡಿದು ಮೀಟರು ಅದ್ದಿದಳು. ಸಿಹಿನೀರು. ನಾನು ಗೆದ್ದೆ ಅನ್ನುವ ಹಾಗೆ ಮಲ್ಲವ್ವನ ಕಡೆ ನೋಡಿದೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಲೋಟ. ಸಿಹಿ. ಇನ್ನೊಂದು. ಮೂವರೂ ಬಾವಿಕಟ್ಟೆಯ ಮೇಲೆ ಕೂತಿದ್ದೆವು. ಒಂದು ತಾಸು ದಾಟಿದ ಮೇಲೆ ಮೀಟರಿನ ಅಂಕಿ ಏರತೊಡಗಿತು. ಆಮೇಲೆ ನಿಲ್ಲಲೇ ಇಲ್ಲ.

ಸ್ನೇಹಾ ಹೇಳಿದ್ದರ ಸಾರ ಇಷ್ಟು. ಬಾವಿಯ ಮೇಲೆ ಮಳೆಯ ಸಿಹಿನೀರು ತೆಳ್ಳಗೆ ನಿಂತಿರುತ್ತದೆ, ಅಡಿಯಲ್ಲಿ ಖಾಡಿಯ ಉಪ್ಪುನೀರು. ಮೆಲ್ಲಗೆ ಸ್ವಲ್ಪ ಸ್ವಲ್ಪ ತೆಗೆದರೆ ಸಿಹಿ ಬರುತ್ತದೆ. ಎಳೆದು ಎಳೆದು ತೆಗೆದರೆ ಅಡಿಯದು ಮೇಲೆ ಬರುತ್ತದೆ. ಅಂದರೆ ನಾನು ಕಿಟಕಿ ಸೀಟಿನಲ್ಲಿ ಕೂತು, ಹಸಿರು ಚುಕ್ಕಿ ನೋಡಿ ನಗುತ್ತ, ನನ್ನ ಕೈಯಾರೆ ಮಲ್ಲಿಗೆಗೆ ಸಮುದ್ರ ಕುಡಿಸುತ್ತಿದ್ದೆ.

ಮಲ್ಲವ್ವ ಶೆಡ್ಡಿನೊಳಗೆ ಹೋಗಿ ಗೋಡೆಯ ಕ್ಯಾಲೆಂಡರ್ ತಂದಳು. ಮುಂದಿನ ಸಾಲಿಗೆ ಚುಕ್ಕಿ, ಹಿಂದಿನ ಸಾಲಿಗೆ ಗೆರೆ, ಒಂದೊಂದು ಬುಟ್ಟಿಗೆ ಒಂದೊಂದು. ಮೋಟಾರು ತಾನಾಗಿ ಓಡಿದ ದಿನಕ್ಕೆ ಒಂದು ಸೊನ್ನೆ. ಸ್ನೇಹಾ ನನ್ನ ಮೊಬೈಲಿನಲ್ಲಿ ಮೋಟಾರು ಓಡಿದ ದಿನಗಳನ್ನು ತೆಗೆದು ಪಕ್ಕದಲ್ಲಿ ಹಿಡಿದಳು. ಸೊನ್ನೆ ಹೆಚ್ಚಾದಷ್ಟೂ ಮುಂದಿನ ವಾರ ಗೆರೆ ಕಡಿಮೆ.

"ಆಂಟಿ, ಇದು ಡೇಟಾ ಇದೆ!" ಹುಡುಗಿಯ ಕಣ್ಣು ಅರಳಿತು. "ನಮ್ಮ ಆಫೀಸಲ್ಲಿ ಭೀ ಇಷ್ಟು ಸಾಫ್ ಯಾರೂ ಇಡಲ್ಲ."

"ಡ್ಯಾಟಾ ಅಲ್ಲವ್ವಾ, ನೆನಪಿಗಂತ ಗೀಚೀನಿ" ಅಂದಳು ಮಲ್ಲವ್ವ. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಕೇಳಿದಳು.

"ಅಕ್ಕಾರ, ಬುಟ್ಟಿ ತಗೋವಾಗ ತಳದ ತನಕಾ ಕೈ ಹಾಕ್ತೀರಿ. ತ್ವಾಟಕ್ಕ ಯಾಕ ಮ್ಯಾಲಿನ ಪದರ ಅಷ್ಟ ನೋಡಿದ್ರಿ?"

ನಾನು ಹಿಂದಿನ ಸಾಲಿಗೆ ಹೋಗಿ ಒಂದು ಗಿಡದ ಸುಟ್ಟ ಎಲೆ ಕಿತ್ತು ನೋಡಿದೆ.

ಮಷೀನು ಸುಳ್ಳು ಹೇಳಿರಲಿಲ್ಲ. ಅದನ್ನು ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿನ ಸುದ್ದಿಯನ್ನು ಪ್ರಾಮಾಣಿಕವಾಗಿ ಹೇಳಿತ್ತು. ಒಳ್ಳೆಯ ಸುದ್ದಿ ಮಾತ್ರ ಇರುವ ಕಡೆ ನಿಲ್ಲಿಸಿದವಳು ನಾನು. ಬೇರೆಯವರಿಗೆ ತೋರಿಸಲು ಬುಟ್ಟಿ ತುಂಬಿ ತುಂಬಿ ಅಭ್ಯಾಸವಾಗಿ, ನನಗೆ ನಾನೇ ಒಂದು ಬುಟ್ಟಿ ತುಂಬಿಕೊಂಡು, ನಾನೇ ಕೊಂಡುಕೊಂಡಿದ್ದೆ.

ಆವತ್ತೇ ಅಲ್ಲಿಂದಲೇ ಆ ಇನ್ನೊಬ್ಬರಿಗೆ ಫೋನು ಮಾಡಿ ತೋಟ ಕೊಡುವುದಿಲ್ಲ ಅಂದೆ. ಸ್ನೇಹಾಗೆ ಇನ್ನೆರಡು ಕಡ್ಡಿ ತಾ ಅಂದೆ. ಅವಳು ರೇಟು ಹೇಳಿದಳು, ನಾನು ಸರಿ ಅಂದೆ. ಹುಡುಗಿ ಹೆದರಿಬಿಟ್ಟಳು. "ಆಂಟಿ, ತಬಿಯತ್ ಠೀಕ್ ಇದೆಯಾ?"

ಆದರೆ ಆ ದಿನದ ಅಸಲಿ ಚೌಕಾಶಿ ನಡೆದದ್ದು ಆಮೇಲೆ. ಮಾಡಿದವಳು ಮಲ್ಲವ್ವ.

"ನಾ ಇರ್ತೀನ್ರಿ ಅಕ್ಕಾರ. ಆದ್ರ ಮೋಟಾರ ಬಟನ್ ನನ್ನ ಮೊಬೈಲಿನ್ಯಾಗ ಇರಬೇಕು."

"ಇಬ್ಬರ ಮೊಬೈಲಿನ್ಯಾಗೂ ಇರಲಿ."

"ಇಲ್ರಿ. ನೋಡೂದು ಇಬ್ಬರೂ ನೋಡೋಣು. ಒತ್ತೂದು ನಾನಷ್ಟ."

"ಅರ್ಧ ದಿನ ನೀನು, ಅರ್ಧ ದಿನ..."

"ಅಕ್ಕಾರ." ಅಷ್ಟೇ ಅಂದಳು. ಒಂದು ಪೈಸೆ ಇಳಿಯುವುದಿಲ್ಲ ಅಂತ ಮುಖದಲ್ಲೇ ಬರೆದಿತ್ತು. ನನ್ನನ್ನೇ ಕನ್ನಡಿಯಲ್ಲಿ ನೋಡಿದ ಹಾಗಾಯಿತು. ಒಪ್ಪಿ ಕೈ ಕುಲುಕಿದೆ.

ಮಲ್ಲವ್ವನಿಗೆ ಆ್ಯಪಿನ ಇಂಗ್ಲಿಷು ಬಾರದು. ಅದಕ್ಕೆ ಸ್ನೇಹಾ ತನ್ನ ದನಿಯಲ್ಲೇ ಕನ್ನಡದಲ್ಲಿ ಹೇಳಿ ತುಂಬಿಕೊಟ್ಟಿದ್ದಾಳೆ. ಉಪ್ಪು ಏರಿದರೆ ಮೊಬೈಲು ಹೇಳುತ್ತದೆ: "ಮಲ್ಲವ್ವಾ, ನೀರು ಉಪ್ಪು ಆಗಿದ್ದಾನೆ, ಮೋಟಾರ್ ಬಂದ್ ಮಾಡಿ." ಮಲ್ಲವ್ವ ಪ್ರತಿ ಸಲ ನಕ್ಕು ನಕ್ಕು, "ಆಗ್ಯಾನೇನವ್ವಾ, ಮಾಡ್ತೀನಿ ತಡಿ" ಅಂತ ಉತ್ತರ ಕೊಟ್ಟೇ ಬಂದ್ ಮಾಡುತ್ತಾಳೆ.

ಬಾವಿಯೊಳಗಿನ ಪೈಪಿನ ಬಾಯಿಯನ್ನು ಮೇಲಕ್ಕೆ ಎತ್ತಿಸಿದೆವು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ, ತಾಸಿನೊಳಗೆ ಬಂದ್. ಗೇಟಿನ ಬಾವಿಯ ಸಿಹಿನೀರನ್ನು ಹಿಂದಿನ ಸಾಲುಗಳಿಗೆ ಹರಿಸಿ ಉಪ್ಪು ತೊಳೆದೆವು. ಕಟ್ಟಕಡೆಯ ಸಾಲು ಉಳಿಯಲಿಲ್ಲ. ಆ ಗಿಡಗಳನ್ನು ಕಿತ್ತ ದಿನ ಮಲ್ಲವ್ವ ಊಟ ಮಾಡಲಿಲ್ಲವೆಂದು ಅವಳ ಗಂಡ ಹೇಳಿದ. ಉಳಿದವು ಕೆಲವು ತಿಂಗಳಲ್ಲಿ ಮೆಲ್ಲಗೆ ಚಿಗುರಿದವು. ಕಡ್ಡಿ ಇಲ್ಲದಿದ್ದರೆ ಯಾವ ಹೊತ್ತಿಗೆ ನೀರು ನಿಲ್ಲಿಸಬೇಕು ಅಂತ ನಮಗೆ ತಿಳಿಯುತ್ತಿರಲಿಲ್ಲ. ಮಲ್ಲವ್ವ ಇಲ್ಲದಿದ್ದರೆ ಕಡ್ಡಿ ಎಲ್ಲಿರಬೇಕು ಅಂತ ತಿಳಿಯುತ್ತಿರಲಿಲ್ಲ. ಇಬ್ಬರಿಗೂ ಋಣಿ. (ಕಡ್ಡಿಗೆ ಈಗಲೂ ಶುಕ್ರವಾರ ಕುಂಕುಮ ಬೀಳುತ್ತದೆ.)

ಹೋದ ಭಾನುವಾರ ಹಿಂದಿನ ಸಾಲುಗಳ ಮೊದಲ ತುಂಬುಬುಟ್ಟಿ ಬಂತು. ಮಲ್ಲವ್ವ ಅದನ್ನು ಸೊಂಟದ ಮೇಲೆ ಹೊತ್ತು, ಕೆಸರುಗಾಲಿನಲ್ಲೇ, ನನ್ನ ಜೊತೆ ಜೆಟ್ಟಿಯವರೆಗೆ ಬಂದಳು. ಕಾಲು ಮುಟ್ಟಲೋ ಬೇಡವೋ ಅಂತ ನಾನು ಯೋಚಿಸುತ್ತ ಕೂತದ್ದು ಆಗಲೇ. ಕೊನೆಗೆ ಎದ್ದು ನಿಂತು ಬಾಯಲ್ಲೇ ಹೇಳಿದೆ. "ತಪ್ಪಾತವ್ವಾ ಮಲ್ಲವ್ವಾ. ಹತ್ತು ಜನರ ಮುಂದ ಕಳ್ಳಿ ಅಂದೆ. ನಾಳಿ ಆ ಹತ್ತು ಜನರ ಮುಂದನ ತಪ್ಪಾತು ಅಂತೀನಿ."

ಅವಳು ಖಾಡಿಯ ಕಡೆ ನೋಡಿದಳು. "ಆತ್ ಬಿಡ್ರಿ. ಫೆರಿ ಬಂತು, ನಡೀರಿ ನಡೀರಿ." ಅಂದವಳು ಸೆರಗಿನ ಗಂಟಿನಿಂದ ಒಂದು ಮೊಳ ಮಲ್ಲಿಗೆ ತೆಗೆದು ನನ್ನ ಜಡೆಗೆ ಸಿಕ್ಕಿಸಿದಳು. ಹೂ ಮಾರುವವರು ಹೂ ಮುಡಿಯುವುದಿಲ್ಲ, ಮಾರುವ ಮಾಲಲ್ಲವೇ? ಎಷ್ಟೋ ವರ್ಷದ ಮೇಲೆ ನಾನು ಮುಡಿದ ಹೂ ಅದು. ಹಿಂದಿನ ಸಾಲಿನದು.

ಸೋಮವಾರ ಮಾರ್ಕೆಟ್ಟಿನಲ್ಲಿ, ಮಲ್ಲವ್ವನಿಗೆ ಹೇಳಿದ ಮಾತಿನಂತೆ, ತಪ್ಪಾಯಿತು ಅಂದೆ. ಜನ ನಕ್ಕರು. ನಗಲಿ.

ಆ ಭಾನುವಾರ ಫೆರಿಯಲ್ಲಿ ವಾಪಸು ಬರುವಾಗ ಒಂದು ಯೋಚನೆ ಬಂದು ಇನ್ನೂ ಬಿಟ್ಟಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಕ್ಯಾಮೆರಾ ಇರುವುದು ಹೊಳೆಯುವ ಲಾಬಿಯಲ್ಲಿ, ಸೈಕಲ್ಲು ಕಳುವಾಗುವುದು ಹಿಂದಿನ ಪಾರ್ಕಿಂಗಿನಲ್ಲಿ. ದೂರದಲ್ಲಿರುವ ಮಗನ ಆರೋಗ್ಯ ಗೊತ್ತಾಗುವುದು ಅವನು ಕಳಿಸುವ ಫೋಟೋದಲ್ಲಿ, ಅವನು ಫೋಟೋ ತೆಗೆಯುವುದು ನಗುವ ದಿನ ಮಾತ್ರ. ಸೊಸೆಯನ್ನು "ಹೇಗಿದ್ದೀ?" ಅಂತ ಕೇಳುವುದು ನೆಂಟರ ಎದುರಿಗೆ. ಬಂದ ಉತ್ತರ ಹಸಿರು. ನಮಗೆ ಸಮಾಧಾನ.

ನಿಮಗೆ ನನ್ನ ಸಲಹೆ ಒಂದೇ. ಯಂತ್ರ ಕೊಳ್ಳಿ, ಧಾರಾಳವಾಗಿ ಕೊಳ್ಳಿ, ಚೌಕಾಶಿಯನ್ನೂ ಮಾಡಿ. ಆದರೆ ಅದನ್ನು ನೆಡುವ ಜಾಗವನ್ನು ಮಣ್ಣಿನಲ್ಲಿ ಕೈಯಿಟ್ಟವರನ್ನು ಕೇಳಿ ನೆಡಿ.

ಅಂದಹಾಗೆ, ನಿಮ್ಮ ಮನೆಯ ಕಡ್ಡಿ ಈಗ ಯಾವ ಸಾಲಿನಲ್ಲಿದೆ?